ಬುದ್ಧಿ ಅಳೆದಾದ ಮೇಲೆ

ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತವರ ಮಾತು ಮಕ್ಕಳತ್ತ ಹೊರಳದೆ ಇರುವುದಿಲ್ಲ. ದೊಡ್ಡವನು ಬಲು ಚುರುಕು, ಚಿಕ್ಕವನದು ಯಾಕೋ ಮಂದ, ಮೊಮ್ಮಗಳಿಗೆ ತಾತನ ತಲೆಯೇ ಬಂದಿದೆ. ಚಿಕ್ಕವನು ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾನೆ. ಬುದ್ಧಿ ಅಂದರೆ ಹುಟ್ಟುವಾಗಲೇ ಪಡೆದುಕೊಂಡು ಬಂದದ್ದು, ಆಮೇಲೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ.

ಬುದ್ಧಿ ಅಳೆಯುವ ಪರೀಕ್ಷೆ ರೂಪಿಸಿದ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಅವರೇ ಇದನ್ನು ಒಪ್ಪಿರಲಿಲ್ಲ. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಬೇರೆಯಾಗಿ ಕಲಿಸಬೇಕೆಂದು ಅಲ್ಲಿನ ಸರ್ಕಾರ ಯೋಚಿಸಿದಾಗ, ಅವರೂ ಸಿಮೋನ್ ಎಂಬ ವೈದ್ಯರೂ ಸೇರಿ 1905ರಲ್ಲಿ 30 ಪ್ರಶ್ನೆಗಳನ್ನು ಜೋಡಿಸಿದರು. ಮೊದಲನೆಯದು, ಉರಿಯುವ ಕಡ್ಡಿಯನ್ನು ಆಡಿಸಿದರೆ ಮಗುವಿನ ಕಣ್ಣು ಅದರ ಹಿಂದೆ ಹೋಗುತ್ತದೆಯೇ ಎಂದು ನೋಡುವುದು. ತಕ್ಕ ಅಭ್ಯಾಸ ಕೊಟ್ಟರೆ ಬುದ್ಧಿ ಬೆಳೆಯುತ್ತದೆ ಎಂದು ಬಿನೆ 1909ರಲ್ಲಿ ಪಟ್ಟುಹಿಡಿದು ಬರೆದರು. ಎರಡೇ ವರ್ಷಕ್ಕೆ ತೀರಿಕೊಂಡರು.

ಪರೀಕ್ಷೆ ಮಾತ್ರ ಅಮೆರಿಕಕ್ಕೆ ಹಡಗು ಹತ್ತಿತು. ಮೊದಲ ಮಹಾಯುದ್ಧದಲ್ಲಿ ಅದರ ಸಂತತಿಯ ಪರೀಕ್ಷೆಗಳನ್ನು ಸುಮಾರು 17 ಲಕ್ಷ ಸೈನಿಕರಿಗೆ ಕೊಟ್ಟರು. ಇಂಗ್ಲಿಷ್ ಓದಲು ಬಾರದವರಿಗೆ ಚಿತ್ರಗಳು: ಟೆನಿಸ್ ಅಂಗಳದ ಈ ಚಿತ್ರದಲ್ಲಿ ಏನಿಲ್ಲ? ಬಲೆ ಇಲ್ಲ. ಟೆನಿಸ್ ಆಟವನ್ನೇ ಕಾಣದ ರೈತನ ಮಗ ಏನು ಹೇಳಬೇಕು?

ಇದಕ್ಕೆ ಉತ್ತರ ಉಜ್ಬೇಕಿಸ್ತಾನದ ಹಳ್ಳಿಗಳಲ್ಲಿದೆ. 1930ರ ದಶಕದ ಆರಂಭದಲ್ಲಿ ರಷ್ಯಾದ ಮನೋವಿಜ್ಞಾನಿ ಲೂರಿಯಾ ಅಲ್ಲಿಗೆ ಹೋಗಿ, ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ, ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದು ರೈತರನ್ನು ಕೇಳಿದರು. ನಾಲ್ಕೂ ಬೇಕು, ದಿಮ್ಮಿ ಇಲ್ಲದಿದ್ದರೆ ಗರಗಸ ಯಾತಕ್ಕೆ, ಎಂಬಂಥ ಉತ್ತರ ಬಂತು. ಪರೀಕ್ಷೆಯ ಲೆಕ್ಕದಲ್ಲಿ ತಪ್ಪು. ಬದುಕಿನ ಲೆಕ್ಕದಲ್ಲಿ ಪಕ್ಕಾ. ಶಾಲೆಯ ಮೆಟ್ಟಿಲು ಹತ್ತಿದ್ದವರು ಮಾತ್ರ ಉಪಕರಣಗಳನ್ನು ಒಂದು ಕಡೆ, ದಿಮ್ಮಿಯನ್ನು ಇನ್ನೊಂದು ಕಡೆ ಇಟ್ಟರು.

ಅರ್ಧ ಶತಮಾನದ ಬಳಿಕ ನ್ಯೂಜಿಲೆಂಡಿನ ಸಂಶೋಧಕ ಜೇಮ್ಸ್ ಫ್ಲಿನ್, ಇಂಥ ಪರೀಕ್ಷೆಗಳಲ್ಲಿ ಬರುವ ಐಕ್ಯೂ ಅಂಕ ತಲೆಮಾರಿನಿಂದ ತಲೆಮಾರಿಗೆ ಏರುತ್ತಿರುವುದನ್ನು 14 ದೇಶಗಳ ಲೆಕ್ಕದಿಂದ 1987ರಲ್ಲಿ ತೋರಿಸಿದರು. ಇಷ್ಟು ಬೇಗ ವಂಶವಾಹಿ ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಊಟ, ಕೆಲಸ, ಯೋಚಿಸುವ ರೂಢಿ. ಎಲ್ಲ ಜಾಣತನದ ಬೇರಿನಲ್ಲೂ ಒಂದೇ ಸಾಮಾನ್ಯ ಶಕ್ತಿಯಿದೆ ಎಂದು 1904ರಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಹೇಳಿದ ಮಾತಿಗೆ ಇಂದಿಗೂ ಬಲವಾದ ಆಧಾರವಿದೆ. ಆದರೆ ಆ ಶಕ್ತಿ ಮಣ್ಣು, ನೀರು ಬೇಡದೆ ತಾನಾಗಿ ಬೆಳೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ.

ನಮ್ಮವರೇ ಆದ ವಿ. ವಿ. ಕಾಮತ್ ಬಿನೆಯವರ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದೆ. ಅದರಿಂದ ಬಂದ ಅಂಕ ಎಷ್ಟೋ ಮಕ್ಕಳಿಗೆ ಸರ್ಕಾರದ ನೆರವಿನ ಬಾಗಿಲು ತೆರೆದಿದೆ. ಅದು ಸಣ್ಣ ಮಾತಲ್ಲ. ಬಿನೆ ಬಯಸಿದ್ದೂ ಅದನ್ನೇ. ಅಂಕ ಬರೆದುಕೊಡುವ ಕೈ ಅದರ ಪಕ್ಕದಲ್ಲೇ, ಈ ಮಗುವಿಗೆ ಯಾರು, ಹೇಗೆ ಕಲಿಸಬೇಕು ಎಂಬುದನ್ನೂ ಬರೆಯಬೇಕು.