ಗಾಡಿ ಎತ್ತರಿಸುವ ಮೊದಲು ಒಮ್ಮೆ ಕೊಡಚಾದ್ರಿಗೆ

ಜಿಮ್ನಿ ಗಾಡಿ ಮನೆಗೆ ಬಂದಾಗಿನಿಂದ ಭಾಮೈದನದು ಒಂದೇ ಹಟ. "ಭಾವ, ಕಂಪನಿಯಿಂದ ಬಂದ ಹಾಗೇ ಇಟ್ಕೊಂಡ್ರೆ ಇದು ತರಕಾರಿ ತರೋಕಷ್ಟೇ. ಮಾಡಿಫೈ ಮಾಡಿಸಲೇಬೇಕು." ಮುಂದಿನ ವರ್ಷ ಸ್ಪಿತಿ ಕಣಿವೆಗೆ ಹೋಗೋಣವೆಂದು ಮಾತಾದ ಮೇಲಂತೂ ಒಂದು ವರ್ಕ್‌ಶಾಪಿನಿಂದ ಅಂದಾಜು ಪಟ್ಟಿಯನ್ನೇ ಬರೆಸಿ ತಂದ. ಎರಡು ಇಂಚಿನ ಲಿಫ್ಟ್ ಕಿಟ್, ದೊಡ್ಡ ಟೈರು, ಸ್ನಾರ್ಕೆಲ್, ಉಕ್ಕಿನ ಬಂಪರು, ಅದರೊಳಗೊಂದು ವಿಂಚು, ನೆತ್ತಿಗೊಂದು ಕ್ಯಾರಿಯರ್. ಮೊತ್ತ ಮೂರು ಲಕ್ಷದ ಹತ್ತಿರ. ಇದರಲ್ಲಿ ಯಾವುದು ಯಾವ ದಾರಿಗೆ ಬೇಕು ಎಂಬ ಮಾತು ಮಾತ್ರ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಕೆಟ್ಟ ದಾರಿಯಲ್ಲೇ ಜೀಪು ಓಡಿಸಿ ಹೊಟ್ಟೆ ಹೊರೆಯುವವರನ್ನು ಕೇಳಿ ನೋಡೋಣ ಎಂದು, ಮಳೆ ಪೂರ್ತಿ ಬಿಟ್ಟ ಕಾರ್ತಿಕದಲ್ಲಿ ಇಬ್ಬರೂ ಬೆಂಗಳೂರಿನಿಂದ ಕೊಡಚಾದ್ರಿಗೆ ಹೊರಟೆವು.

ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿ. ಶಿವಮೊಗ್ಗ ಮುಟ್ಟುವವರೆಗೆ ಹೇಳುವಂಥದ್ದೇನಿಲ್ಲ, ಒಂದನ್ನು ಬಿಟ್ಟು. ಈ ಮುನ್ನೂರು ಕಿಲೋಮೀಟರಿನಲ್ಲಿ ನಮ್ಮ ಗಾಡಿ ಒಂದು ಮಾರು ದೂರವೂ ಡಾಂಬರು ಬಿಟ್ಟು ಇಳಿಯಲಿಲ್ಲ. ಸ್ಪಿತಿಗೆ ಹೊರಟರೂ ಇದೇ ಕಥೆ. ಬೆಂಗಳೂರಿನಿಂದ ಮನಾಲಿಗೆ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಹೆದ್ದಾರಿ, ಅದಾದ ಮೇಲೆ ಕಲ್ಲುದಾರಿ. ಎತ್ತರಿಸಿದ ಗಾಡಿಯಲ್ಲಿ, ಗೊರಗೊರ ಸದ್ದು ಮಾಡುವ ಬಟನ್ ಟೈರಿನ ಮೇಲೆ, ಅಷ್ಟು ದೂರ ಲಾರಿಗಳ ನಡುವೆ ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜಿಮ್ನಿ 1,645 ಮಿ.ಮೀ. ಅಗಲ, 1,720 ಮಿ.ಮೀ. ಎತ್ತರ. ಅಗಲಕ್ಕಿಂತ ಎತ್ತರವೇ ಹೆಚ್ಚಿರುವ ಗಾಡಿಯನ್ನು ಮತ್ತೆ ಎತ್ತರಿಸಿ, ನೆತ್ತಿಯ ಮೇಲೆ ಕ್ಯಾನು, ಸ್ಟೆಪ್ನಿ ಹೇರಿದರೆ ತಿರುವಿನಲ್ಲಿ ಅದು ಎಷ್ಟು ವಾಲೀತು ಎಂದು ತರೀಕೆರೆಯ ಹತ್ತಿರ ಕೇಳಿದೆ. ಅವನು ಕಿಟಕಿಯಾಚೆಯ ತೆಂಗಿನ ತೋಟ ನೋಡುತ್ತಾ ಕೂತ.

ಆಯನೂರು, ರಿಪ್ಪನ್‌ಪೇಟೆ ದಾಟಿ ಹೊಸನಗರ. ಮುಂದೆ ನಗರದ ಕೋಟೆ, ಹೈದರಾಲಿ 1763ರಲ್ಲಿ ಗೆದ್ದುಕೊಂಡ ಬಿದನೂರು. ಕೆರೆಯ ಪಕ್ಕ ಚಹಾ ಕುಡಿದು, ಸಂಪೇಕಟ್ಟೆ, ನಿಟ್ಟೂರಿನ ಮೇಲೆ ಹಾದು ಕಟ್ಟಿನಹೊಳೆ ಸೇರಿದಾಗ ಬಿಸಿಲು ಏರಿತ್ತು. ನಮ್ಮ ಗಾಡಿಯನ್ನು ಮರದಡಿ ನಿಲ್ಲಿಸಿ ಬಾಡಿಗೆ ಜೀಪು ಹಿಡಿದೆವು. ದಾರಿ ಬಲ್ಲವನ ಪಕ್ಕದಲ್ಲಿ ಕೂತು ನೋಡುವುದಕ್ಕೇ ಅಲ್ಲಿವರೆಗೆ ಹೋದದ್ದು.

ಹಳೆಯ ಮಹೀಂದ್ರ ಜೀಪು. ಭಾಮೈದ ಅದರ ಸುತ್ತ ಒಂದು ಸುತ್ತು ಬಂದ. ಲಿಫ್ಟ್ ಇಲ್ಲ, ಸ್ನಾರ್ಕೆಲ್ ಇಲ್ಲ, ವಿಂಚ್ ಇಲ್ಲ. ಮುಂದೆ ಹಿಂದೆ ಕಮಾನು ಪಟ್ಟಿ, ಡೀಸೆಲ್ ಎಂಜಿನ್ನು, ಎರಡು ಗೇರ್ ಲಿವರು. ಸೀಟಿನ ಕೆಳಗೆ ದಪ್ಪ ಹಗ್ಗ, ಜಾಕು, ಒಂದು ಹಾರೆ, ತುಕ್ಕು ಹಿಡಿದ ಸರಪಳಿ. ಸರಪಳಿ ಯಾಕೆಂದು ಕೇಳಿದೆ. "ಮಳೆಗಾಲಕ್ಕೆ ಮಾರಾಯ್ರೆ. ಕೆಸರಲ್ಲಿ ಚಕ್ರ ಸುಮ್ನೆ ತಿರುಗ್ತದೆ. ಸರಪಳಿ ಸುತ್ತಿದ್ರೆ ಕಚ್ಕೊಂಡು ಹತ್ತುತ್ತದೆ" ಎಂದರು ಚಾಲಕರು. ಅರವತ್ತರ ಆಸುಪಾಸಿನವರು. ಬಾಗಿಲು ಹಾಕುವ ಮುನ್ನ ನಾಲ್ಕೂ ಟೈರಿನ ಪಕ್ಕೆಯನ್ನು ಹಿಮ್ಮಡಿಯಿಂದ ಒತ್ತಿ ನೋಡಿದರು.

ದಾರಿ ಎಂದು ಕರೆಯುವುದು ರೂಢಿಗಷ್ಟೇ. ಮಳೆಯ ನೀರು ಕೊರೆದ ಕೊರಕಲು ಒಂದು ಕಡೆ, ಕುಸಿದ ಧರೆ ಇನ್ನೊಂದು ಕಡೆ, ನಡುವೆ ಕೆಂಪು ಮಣ್ಣಿನಿಂದ ತಲೆ ಎತ್ತಿದ ಕಲ್ಲುಗಳು. ಮೊದಲ ಏರಿನ ಬುಡದಲ್ಲೇ ಜೀಪು ನಿಲ್ಲಿಸಿ ಸಣ್ಣ ಲಿವರ್ ಎಳೆದು ಲೋ ಗೇರಿಗೆ ಹಾಕಿದರು. ಆಮೇಲೆ ಅವರ ಎಡಗಾಲು ಕ್ಲಚ್ಚಿನ ಹತ್ತಿರವೂ ಸುಳಿಯಲಿಲ್ಲ. ಎಂಜಿನ್ನು ಒಂದೇ ಹದದಲ್ಲಿ ಗುಡುಗುತ್ತಿತ್ತು, ಜೀಪು ಮನುಷ್ಯ ನಡೆಯುವ ವೇಗದಲ್ಲಿ ಹತ್ತುತ್ತಿತ್ತು.

ಒಂದು ತಿರುವಿನಲ್ಲಿ ದಾರಿಯ ನಟ್ಟನಡುವೆ ಒಂದು ಬಂಡೆ. ನಾನಾಗಿದ್ದರೆ ಅದು ಎರಡು ಚಕ್ರಗಳ ನಡುವೆ ಹಾಯುವಂತೆ ಬಿಡುತ್ತಿದ್ದೆ. ಅವರು ಸ್ಟೀರಿಂಗ್ ಬಲಕ್ಕೆ ಹೊರಳಿಸಿ ಎಡಗಡೆಯ ಮುಂದಿನ ಚಕ್ರವನ್ನು ನೇರ ಬಂಡೆಯ ಇಳಿಜಾರಿನ ಮೇಲೆಯೇ ಏರಿಸಿದರು. ಜೀಪು ಬಲಕ್ಕೆ ವಾಲಿತು, ಹಿಂದೆ ಕೂತಿದ್ದ ಸಹಪ್ರಯಾಣಿಕ ಹೆಂಗಸರು ದೇವಿಯನ್ನು ನೆನೆದರು, ಮುಂದಿನ ಚಕ್ರ ಇಳಿದು ಹಿಂದಿನದು ಹತ್ತಿ ಇಳಿಯಿತು. ಅಡಿಗೆ ಏನೂ ತಾಗಲಿಲ್ಲ. "ಕಲ್ಲನ್ನ ಹೊಟ್ಟೆ ಕೆಳಗೆ ಬಿಡಬಾರ್ದು. ಹೊಟ್ಟೆ ಕೆಳಗೆ ಗುಂಡು ಇರ್ತದಲ್ಲ, ಅದಕ್ಕೇ ಬಡಿಯೋದು. ಚಕ್ರಕ್ಕೆ ಕೊಟ್ರೆ ಚಕ್ರ ನೋಡ್ಕಳ್ತದೆ" ಎಂದರು. ಗುಂಡು ಎಂದರೆ ಡಿಫರೆನ್ಷಿಯಲ್ ಇರುವ ಗೋಳ, ಆಕ್ಸಲಿನ ನಡುವೆ ಜೋತುಬಿದ್ದ ಎಲ್ಲಕ್ಕಿಂತ ತಗ್ಗಿನ ಭಾಗ.

ಲಿಫ್ಟ್ ಕಿಟ್ಟಿನ ವಾದ ನನ್ನ ಪಾಲಿಗೆ ಅಲ್ಲೇ ಮುಗಿಯಿತು. ಜಿಮ್ನಿಗೂ ಮುಂದೆ ಹಿಂದೆ ಇಡೀ ಆಕ್ಸಲ್ಲೇ ಇದೆ. ಸ್ಪ್ರಿಂಗ್ ಉದ್ದ ಮಾಡಿದರೆ ಬಾಡಿ ಮೇಲೇಳುತ್ತದೆ, ಆಕ್ಸಲ್ಲು ಮತ್ತು ಗುಂಡು ಇದ್ದಲ್ಲೇ ಇರುತ್ತವೆ. ಗುಂಡು ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು. ಎರಡು ಇಂಚು ಎತ್ತರಿಸಿದಾಗ ಮೂತಿ, ಬಾಲ ಮತ್ತು ಚಾಸಿಯ ನಡು ನೆಲಕ್ಕೆ ತಾಗುವುದು ಕಡಿಮೆಯಾಗುತ್ತದೆ, ನಿಜ. ಜೊತೆಗೆ ಸ್ಟೀರಿಂಗಿನ ಕ್ಯಾಸ್ಟರ್ ಕೋನ ಬದಲಾಗಿ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯತೊಡಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗುತ್ತದೆ. ಅದನ್ನೆಲ್ಲ ಸರಿಪಡಿಸಲು ಬೇರೆ ಬುಷ್ಷು, ಬೇರೆ ರಾಡು. ಒಂದು ಬದಲಾವಣೆ ಇನ್ನೆರಡನ್ನು ಕರೆಯುತ್ತದೆ.

ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಜೀಪು ನಿಂತಿತು. ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡಿಗೆ. 1,343 ಮೀಟರ್ ಎತ್ತರದ ಶಿಖರ, ಎರಡೂ ಬದಿ ಹುಲ್ಲುಗಾವಲು, ಕಣಿವೆಗಳಲ್ಲಿ ಒತ್ತಾಗಿ ಕೂತ ಶೋಲಾ ಕಾಡು. ಇದೆಲ್ಲ ಮೂಕಾಂಬಿಕಾ ವನ್ಯಜೀವಿಧಾಮದ ನೆಲ. ಹುಲ್ಲು ಬೇರು ಬಿಟ್ಟು ಹಿಡಿದಿಟ್ಟ ಮಣ್ಣಿನ ಪದರ ಎಷ್ಟು ತೆಳು ಎಂಬುದು ಕಾಲುದಾರಿಯ ಅಂಚಿನಲ್ಲೇ ಕಾಣುತ್ತದೆ. ಮೇಲೆ ಗೇಣುದ್ದ ಕಪ್ಪು ಮಣ್ಣು, ಕೆಳಗೆ ಬರೀ ಜಂಬಿಟ್ಟಿಗೆ. ಇಂಥ ಹುಲ್ಲಿನ ಮೇಲೆ ಬಟನ್ ಟೈರು ಒಮ್ಮೆ ಗಿರಕಿ ಹೊಡೆದರೆ ಆ ಗಾಯದಲ್ಲಿ ಮುಂದಿನ ಮಳೆಗೆ ಕೊರಕಲು ಹುಟ್ಟುತ್ತದೆ. ಗಾಡಿಗೆ ಶಕ್ತಿ ಬಂದಷ್ಟೂ ದಾರಿ ಬಿಟ್ಟು ಇಳಿಯುವ ಆಸೆಯೂ ಬೆಳೆಯುತ್ತದೆ. ಮಲೆನಾಡಿನ ಗುಡ್ಡಗಳಲ್ಲಿ ಆ ಆಸೆಗೆ ಜಾಗವಿಲ್ಲ. ಇದನ್ನು ನಾನು ಭಾಮೈದನಿಗೆ ಗಟ್ಟಿಯಾಗಿಯೇ ಹೇಳಿದೆ. ಅವನಿಗೂ ಅಲ್ಲಿ ನಿಂತಾಗ ಬೇರೆ ಮಾತು ಬರಲಿಲ್ಲ.

ಇಳಿಯುವಾಗ ಚಾಲಕರು ಬ್ರೇಕು ಮುಟ್ಟಿದ್ದು ಅಪರೂಪ. ಲೋ ಗೇರಿನ ಮೊದಲ ಹಲ್ಲೇ ಜೀಪನ್ನು ಹಿಡಿದು ಇಳಿಸಿತು.

ಆ ರಾತ್ರಿ ನಿಟ್ಟೂರಿನ ಹತ್ತಿರ ಹೋಂಸ್ಟೇಯಲ್ಲಿ ಅಂದಾಜು ಪಟ್ಟಿಯನ್ನು ಬಿಡಿಸಿಟ್ಟುಕೊಂಡು ಕೂತೆವು. ಟೈರಿನ ಲೆಕ್ಕ ಮೊದಲು. ಕಂಪನಿ ಕೊಟ್ಟದ್ದು 195/80 ಆರ್ 15, ಅಂದರೆ 693 ಮಿ.ಮೀ. ವ್ಯಾಸ. ಪಟ್ಟಿಯಲ್ಲಿದ್ದ 235/75 ಹಾಕಿದರೆ 733.5. ವ್ಯಾಸ 40 ಮಿ.ಮೀ. ಹೆಚ್ಚಿದರೂ ಗುಂಡು ಮೇಲೇಳುವುದು ಅದರ ಅರ್ಧ, 20 ಮಿ.ಮೀ. ಅಷ್ಟಕ್ಕೆ ತೆರುವ ಬೆಲೆ? ಗೇರಿಂಗ್ ಸುಮಾರು ಶೇ. 6ರಷ್ಟು ಉದ್ದವಾಗುತ್ತದೆ. ಬಂಡೆಯ ಬುಡದಲ್ಲಿ ನಿಧಾನ ಹತ್ತಬೇಕಾದಾಗ ಎಳೆತ ಅಷ್ಟು ಕಡಿಮೆ. ಮೀಟರು 60 ತೋರಿಸುವಾಗ ಗಾಡಿ ಮೊದಲಿಗಿಂತ ಮೂರೂವರೆ ಕಿಲೋಮೀಟರ್ ಜೋರಾಗಿ ಓಡುತ್ತಿರುತ್ತದೆ. 215/75 ಹಾಕಿದರೆ ಗುಂಡು ಏಳುವುದು ಐದೇ ಮಿ.ಮೀ., ಆದರೆ ಪಕ್ಕೆ ಗಟ್ಟಿಯಿರುವ ಆಲ್ ಟೆರೇನ್ ಟೈರು ಆ ಅಳತೆಯಲ್ಲಿ ಸಿಗುತ್ತದೆ. ಚೂಪು ಕಲ್ಲಿಗೆ ಬೇಕಾದದ್ದು ಅದೇ.

ಬೆಳಿಗ್ಗೆ ಹೋಂಸ್ಟೇ ಮನೆಯವರನ್ನು ಕೇಳಿ, ಅವರ ಅಡಿಕೆ ತೋಟಕ್ಕೆ ಇಳಿಯುವ ದಾರಿಯಲ್ಲಿ ನಮ್ಮ ಗಾಡಿಯನ್ನೇ ಹತ್ತಿಸಿ ನೋಡಿದೆವು. ಪಾಚಿ ಹಿಡಿದ ಕಲ್ಲು, ಒದ್ದೆ ದರಗು. ಪೂರ್ತಿ ಗಾಳಿಯಲ್ಲಿ ಚಕ್ರ ಕಲ್ಲಿನಿಂದ ಕಲ್ಲಿಗೆ ಪುಟಿಯಿತು, ನಡುವೆ ಒಮ್ಮೆ ಜಾರಿ ನಿಂತಿತು. ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿದ ಮೇಲೆ ಟೈರು ರೊಟ್ಟಿಯ ಹಿಟ್ಟಿನ ಹಾಗೆ ಕಲ್ಲಿನ ಮೇಲೆ ಹರಡಿಕೊಂಡಿತು. ಅದೇ ದಾರಿ, ಅದೇ ಗೇರು, ಅದೇ ಟೈರು. ಈ ಸಲ ನಿಲ್ಲದೆ ಹತ್ತಿತು. ಸಿಗರೇಟ್ ಲೈಟರಿನ ಕಿಂಡಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರಿನಲ್ಲಿ ಗಾಳಿ ತುಂಬಿಸಿಕೊಂಡು ಡಾಂಬರಿಗೆ ಬಂದೆವು. ಇಳಿಸಿದ ಗಾಳಿಯಲ್ಲಿ ಡಾಂಬರಿನ ಮೇಲೆ ಜೋರು ಓಡಿಸಿದರೆ ಟೈರು ಕಾದು ಹಾಳಾಗುತ್ತದೆ. ಹಾಗಾಗಿ ಇಳಿಸುವಷ್ಟೇ ಮುಖ್ಯ ತುಂಬಿಸುವುದು.

ಉಕ್ಕಿನ ಬಂಪರನ್ನು ನಾನು ಮೊದಲೇ ಪಟ್ಟಿಯಿಂದ ಹೊಡೆದು ಹಾಕಿದ್ದೆ. ಡಿಕ್ಕಿಯಾದಾಗ ನಜ್ಜುಗುಜ್ಜಾಗಿ ಪೆಟ್ಟು ನುಂಗಲೆಂದೇ ಮುಂಭಾಗವನ್ನು ಕಟ್ಟಿರುತ್ತಾರೆ. ಅಲ್ಲಿ ಉಕ್ಕು ಕೂರಿಸಿದರೆ ಪೆಟ್ಟು ಒಳಗಿರುವವರಿಗೂ ಎದುರು ಸಿಕ್ಕವರಿಗೂ. ಕಾನೂನು ಬೇರೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಿತು. ಅಪಘಾತವಾದಾಗ ವಿಮೆಯವರೂ ಇದನ್ನೇ ಎತ್ತಿ ತೋರಿಸಬಹುದು. ಮನೆಮಂದಿಯನ್ನು ಕೂರಿಸಿಕೊಂಡು ಓಡಿಸುವ ಗಾಡಿಗೆ ಈ ಅನುಮಾನ ಬೇಡ.

ಎಂಜಿನ್ನು ಗಾಳಿ ಎಳೆಯುವ ಬಾಯನ್ನು ನೀರಿಗೆ ಸಿಗದಂತೆ ಮೇಲೇರಿಸುವ ಸ್ನಾರ್ಕೆಲ್ ಬಗ್ಗೆ ಭಾಮೈದ ಕೊನೆಯವರೆಗೂ ವಾದಿಸಿದ. ಅವನ ಮಾತಿನಲ್ಲಿ ಹುರುಳಿತ್ತು. ಎಂಜಿನ್ನು ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ, ಏಕೆಂದರೆ ನೀರನ್ನು ಪಿಸ್ಟನ್ ಅದುಮಲಾರದು. ಆದರೆ ಮನಾಲಿಯಿಂದ ಸ್ಪಿತಿಗೆ ಹೋಗುವ ದಾರಿಯ ಛತ್ರು, ಬಾತಲ್ ಕಡೆಯ ನಾಲೆಗಳಲ್ಲಿ ಹರಿಯುವುದು ಹಿಮ ಕರಗಿದ ನೀರು. ಬೆಳಿಗ್ಗೆ ಇಳಿದಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಉಕ್ಕುತ್ತದೆ. ಅಲ್ಲಿನವರು ಹೊತ್ತು ನೋಡಿ ದಾಟುತ್ತಾರೆ. ಮೊಳಕಾಲಿನ ಮೇಲೆ ನೀರಿದ್ದರೆ ನಾವು ಕಾಯುವುದು ಎಂದು ತೀರ್ಮಾನವಾಯಿತು.

ಉಳಿದದ್ದು: ನಾಲ್ಕು ಹೊಸ ಟೈರು, ಸಂಪು ಮತ್ತು ಗೇರ್‌ಬಾಕ್ಸಿನ ಅಡಿಗೊಂದು ತಗಡಿನ ರಕ್ಷಣೆ, ಕಂಪ್ರೆಸರು, ಒಂದು ಗಟ್ಟಿ ಎಳೆಪಟ್ಟಿ, ಗುದ್ದಲಿ. ವಿಂಚಿನ ಜಗಳ ಮಾತ್ರ ಹೊಸನಗರದವರೆಗೂ ನಡೆಯಿತು. ಒಂಟಿ ಗಾಡಿ ಕೆಸರಲ್ಲಿ ಹೂತರೆ ಯಾರು ಎಳೆಯುತ್ತಾರೆ ಎಂದು ಅವನು. ಸ್ಪಿತಿಯಲ್ಲಿ ವಿಂಚಿನ ಹಗ್ಗ ಕಟ್ಟಲು ಮರ ಎಲ್ಲಿದೆ ತೋರಿಸು ಎಂದು ನಾನು. ರಿಪ್ಪನ್‌ಪೇಟೆಯಲ್ಲಿ ಊಟಕ್ಕೆ ಕೂತಾಗ ಅವನೇ ಗೆಳೆಯನೊಬ್ಬನಿಗೆ ಫೋನ್ ಹಚ್ಚಿ, ಅವನ ಜಿಪ್ಸಿಯೂ ಜೊತೆಗೆ ಬರುತ್ತದಾ ಎಂದು ಕೇಳತೊಡಗಿದ.