ಕನ್ನಡ ಬೋರ್ಡು ಬಂತೇನು?

ನಮ್ಮ ಮನೆಯವರು ಡೊಂಬಿವಿಲಿಯಿಂದ ಹಾವೇರಿಗೆ ಕಾರು ಓಡಿಸಲು ಶುರು ಮಾಡಿ 28 ವರ್ಷವಾಯಿತು. 600 ಕಿಲೋಮೀಟರಿಗೂ ಮಿಕ್ಕ ದಾರಿ. ಹೆದ್ದಾರಿಯ ಸಂಖ್ಯೆ 48 ಅಂತ ಬದಲಾಗಿ ಎಷ್ಟೋ ಕಾಲವಾದರೂ ಇವರ ಬಾಯಲ್ಲಿ ಅದು ಇನ್ನೂ ಎನ್‌ಎಚ್ ಫೋರ್. ಆಗೆಲ್ಲ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿರುತ್ತಿದ್ದರು. ಕಾಗಲ್ ದಾಟಿದ ಕೂಡಲೇ ಒಂದು ಪಂದ್ಯ: ಮೊದಲ ಕನ್ನಡ ಬೋರ್ಡು ಯಾರು ಓದುತ್ತಾರೋ ಅವರಿಗೆ ಬೆಳಗಾವಿಯಲ್ಲಿ ಎರಡು ಪಾಲು ಕುಂದಾ. ಗೆಲ್ಲುತ್ತಿದ್ದವರು ಯಾವಾಗಲೂ ಇವರೇ. ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ 31 ವರ್ಷ ಅಕ್ಷರ ತಿದ್ದಿಸಿದ ನಾನೂ ಒಮ್ಮೆಯೂ ಗೆದ್ದವಳಲ್ಲ.

ಹೋದ ಡಿಸೆಂಬರಿನಲ್ಲಿ ಹಾವೇರಿಯಿಂದ ಇವರ ಅಕ್ಕ ಫೋನು ಮಾಡಿದರು. ಅವರಿಗೀಗ 84. "ಒಮ್ಮೆ ಬಂದ್ ಹೋಗ್ರಿ" ಎಂದರು, ಅಷ್ಟೇ. ಯಾಕೆ ಅಂತ ನಾವೂ ಕೇಳಲಿಲ್ಲ. ಗುರುಗ್ರಾಮದಲ್ಲಿರುವ ಮಗ ರೈಲಿನ ಟಿಕೆಟ್ಟು ಮಾಡಿಸುತ್ತೇನೆಂದ. ಇವರು ಆಗಲೇ ಟಯರಿಗೆ ಗಾಳಿ ಹಾಕಿಸಿ ಬಂದಿದ್ದರು.

ನಿಜ ಹೇಳಬೇಕೆಂದರೆ ನನಗೆ ಗೊತ್ತಿತ್ತು. ಒಂದು ವರ್ಷದಿಂದ ಪೇಪರು ಓದಲು ಇವರಿಗೆ ಬಾಲ್ಕನಿಯ ಬಿಸಿಲೇ ಬೇಕು. ನೋಟುಗಳನ್ನು ಮೂಗಿನ ಹತ್ತಿರ ಹಿಡಿದು ಎಣಿಸುತ್ತಾರೆ. ಸಂಜೆಯಾದರೆ ಎದುರಿನ ಗಾಡಿಗಳ ದೀಪಕ್ಕೆ ಬೈಗುಳ. ಲೈಸೆನ್ಸು ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕಾಗಿತ್ತು. ಎರಡು ನಿಮಿಷದಲ್ಲಿ ಸಹಿ ಬಿತ್ತು. ಪಕ್ಕದಲ್ಲೇ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ಮಗನಿಗೂ ಹೇಳಲಿಲ್ಲ. ಹೇಳಿದರೆ ಕೀಲಿ ಹೋಗುತ್ತದೆ, ಕೀಲಿ ಹೋದರೆ ಊರು ಹೋಗುತ್ತದೆ, ಇದು ನನ್ನ ಲೆಕ್ಕ. ನನಗೂ ಲೈಸೆನ್ಸು ಇದೆ, ನಿವೃತ್ತಿಯಾದ ಮೇಲೆ ಕ್ಲಾಸಿಗೆ ಹೋಗಿ ಪಡೆದದ್ದು. ಆದರೆ ಭಾಜಿ ಮಾರ್ಕೆಟ್ಟಿನ ಆಚೆ ನಾನು ಕಾರು ಓಡಿಸಿದ್ದಿಲ್ಲ.

ನಸುಕಿನಲ್ಲಿ ಹೊರಟೆವು. ಪುಣೆ ದಾಟಿತು. ಖಂಬಾಟಕಿ ಘಾಟನ್ನು ಇವರು ಎಷ್ಟು ಚೆನ್ನಾಗಿ ಹತ್ತಿಸಿದರೆಂದರೆ, ನಾನೇ ಸುಮ್ಮನೆ ಹೆದರಿದೆ ಅನ್ನಿಸಿತು. ಪ್ರತಿ ತಿರುವೂ ಅವರ ಕೈಗೆ ಬಾಯಿಪಾಠ.

ಸಾತಾರಾ ಬಿಟ್ಟ ಮೇಲೆ ಆ ಬಾಯಿಪಾಠ ಕೆಲಸಕ್ಕೆ ಬರಲಿಲ್ಲ. ಅಲ್ಲಿಂದ ಕಾಗಲ್‌ವರೆಗೆ ಆರು ಲೇನಿನ ಕಾಮಗಾರಿ ನಡೆದಿದೆ. ಈ ಕಡೆ ಹೋದವರಿಗೆ ಗೊತ್ತು: ನಿನ್ನೆಯ ರಸ್ತೆ ಇವತ್ತು ಗುಂಡಿ, ಇವತ್ತಿನ ಡೈವರ್ಶನ್ನು ನಾಳೆ ಇರುವುದಿಲ್ಲ. ಕರಾಡಿನ ಹತ್ತಿರ ಎಲ್ಲ ಗಾಡಿಗಳೂ ಎಡಕ್ಕೆ ಸರ್ವಿಸ್ ರಸ್ತೆಗೆ ಇಳಿಯುತ್ತಿದ್ದವು. ಇವರು ನೇರ ಹೊರಟರು. ಮುಂದೆ ಕೆಂಪು ಬಿಳಿ ಪಟ್ಟೆಯ ಡ್ರಮ್ಮುಗಳು, ಅವುಗಳ ಮುಂದೆ ಬಾವುಟ ಹಿಡಿದ ಒಬ್ಬ ಹುಡುಗ.

"ರೀ, ಮನಶಾ ಅದಾನ!"

ಬ್ರೇಕು ಬಿತ್ತು. ಹುಡುಗ ಹಾರಿ ಪಕ್ಕಕ್ಕೆ ನಿಂತ. ಅವನು ಬೈಯಲಿಲ್ಲ. ಒಳಗೆ ಬಗ್ಗಿ ನಮ್ಮಿಬ್ಬರ ಬಿಳಿ ತಲೆ ನೋಡಿ, "ಹಳೂ ಜಾ, ಬಾಬಾ" ಎಂದ. ಬೈದಿದ್ದರೇ ವಾಸಿಯಿತ್ತು.

"ಕಂಡಿತ್ತು ನಂಗ. ನೀ ಯಾಕ ಚೀರ್ತಿ?" ಎಂದರು ಇವರು. ಸ್ವಲ್ಪ ಮುಂದೆ ಚಹಾದಂಗಡಿಯ ಮುಂದೆ ತಾವಾಗಿಯೇ ನಿಲ್ಲಿಸಿದರು. ಕಪ್ಪು ಹಿಡಿದ ಕೈ ನಡುಗುತ್ತಿತ್ತು. ನನ್ನದೂ. ರಸ್ತೆಯಾಚೆ ಒಂದು ದೊಡ್ಡ ಬೋರ್ಡಿತ್ತು.

"ಅದರಾಗ ಏನೈತಿ, ಓದ್ರಿ ನೋಡೂಣು."

"ಕೊಲ್ಹಾಪುರ, ಎಪ್ಪತ್ತು" ಎಂದರು ತಟ್ಟನೆ.

ಅದೊಂದು ಮಂಗಲ ಕಾರ್ಯಾಲಯದ ಜಾಹೀರಾತು. ಗೋಡೆಯ ಕಡೆ ನೋಡಿಕೊಂಡು ಮಗ್ಗಿ ಒಪ್ಪಿಸುವ ಹುಡುಗರನ್ನು ನಾನು ಸಾಕಷ್ಟು ಕಂಡಿದ್ದೇನೆ. ತರಗತಿಯಲ್ಲಾದರೆ ತಪ್ಪು ಅನ್ನುತ್ತಿದ್ದೆ. ಇಲ್ಲಿ ಏನೂ ಅನ್ನಲಾಗಲಿಲ್ಲ, ಕೈ ಚಾಚಿದೆ. ಅವರು ಗ್ಲಾಸಿನ ತಳದ ಚಹಾ ನೋಡುತ್ತ ಬಹಳ ಹೊತ್ತು ಕೂತರು. ಆಮೇಲೆ ಕೀಲಿಯನ್ನು ಕೈಗೆ ಕೊಡದೆ ಟೇಬಲ್ಲಿನ ಮೇಲಿಟ್ಟು, ದುಡ್ಡು ಕೊಡಲು ಎದ್ದು ಹೋದರು.

ಇನ್ನೂ 300 ಕಿಲೋಮೀಟರಿಗೂ ಹೆಚ್ಚು ದಾರಿ. ಲಾರಿಗಳ ಹಾರ್ನಿಗೆ ನನ್ನ ಬೆನ್ನು ಬೆವರಿತು. ಗಂಟೆಗೆ 50ರ ಮೇಲೆ ನಾನು ಹೋಗಲಿಲ್ಲ. ಮೊದಲ ಅರ್ಧ ತಾಸು ಇವರು ಮಾತಾಡಲಿಲ್ಲ, ಆದರೆ ಕಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಪೇಠ್ ನಾಕಾ ಕಳೆದ ಮೇಲೆ ಮೆಲ್ಲಗೆ ಶುರುವಾಯಿತು: "ಈಗ ವಾರಣಾ ನದಿ ಬರತೈತಿ. ಅದಾದ ಮ್ಯಾಲ ಕಿಣಿ ಟೋಲು, ರೊಕ್ಕದ ಚಿಂತಿ ಬ್ಯಾಡ, ಫಾಸ್ಟ್ಯಾಗಿನಾಗ ಐತಿ." ಪಂಚಗಂಗೆ, ಕಾಗಲ್, ದೂಧಗಂಗೆ, ಒಂದೊಂದಾಗಿ ಬಂದವು, ಅವರು ಹೇಳಿದ ಕ್ರಮದಲ್ಲೇ. ಇಷ್ಟು ವರ್ಷ ಪಕ್ಕದಲ್ಲಿ ಕೂತು ತೂಕಡಿಸಿದವಳು ನಾನು, ಈ ದಾರಿಯಲ್ಲಿ ಇಷ್ಟೊಂದು ನದಿಗಳಿವೆ ಎಂದು ಲೆಕ್ಕವಿಟ್ಟಿರಲಿಲ್ಲ.

ಕೊಗನೊಳ್ಳಿಯ ಟೋಲು ಹತ್ತಿರವಾದಾಗ ಮಾತು ನಿಂತಿತು. ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ಗಾಜಿನಾಚೆ ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ, "ಬಂತೇನು?" ಎಂದರು.

"ಏನು?"

"ಕನ್ನಡ ಬೋರ್ಡು."

ಎರಡು ದಾಟಿ ಹೋಗಿದ್ದವು. ಮೂರನೆಯದು ಬಂದಾಗ, ಒಂದನೆಯ ಇಯತ್ತೆಯ ಮಕ್ಕಳಿಗೆ ಓದಿಸುವಂತೆ ಬಿಡಿಸಿ ಓದಿದೆ: "ನಿಪ್ಪಾಣಿ." ಅವರು ಹಿಂದಕ್ಕೆ ಒರಗಿ ಕೂತರು.

ಕತ್ತಲಲ್ಲಿ ಓಡಿಸುವ ಧೈರ್ಯ ನನಗಿರಲಿಲ್ಲ, ಬೆಳಗಾವಿಯಲ್ಲೇ ಉಳಿದೆವು. ಸಂಜೆ ಒಬ್ಬರೇ ಹೊರಗೆ ಹೋಗಿ ಕುಂದಾ ತಂದರು. ನನ್ನ ಪಾಲು ದೊಡ್ಡದಿತ್ತು.

ಮರುದಿನ ಮಧ್ಯಾಹ್ನ ಹಾವೇರಿ. ಅಕ್ಕ ಕಟ್ಟೆಯ ಮೇಲೇ ಕೂತಿದ್ದರು. ನಾನು ಬಲಗಡೆಯಿಂದ ಇಳಿದದ್ದನ್ನು ಅಷ್ಟು ದೂರದಿಂದಲೇ ಕಂಡು, "ಯವ್ವಾ, ಗಾಡಿ ನೀ ಹೊಡಕೊಂಡ ಬಂದ್ಯಾ?" ಎಂದರು. ಇವರು ಚೀಲ ಇಳಿಸುವ ನೆಪದಲ್ಲಿ ಡಿಕ್ಕಿಯೊಳಗೆ ಮುಖ ಹಾಕಿದರು.

ಕರೆಸಿದ್ದಕ್ಕೆ ಬೇರೆ ಕಾರಣವಿರಲಿಲ್ಲ. ಅಕ್ಕ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. "ಎಲ್ಲಾರ ಮಾರಿ ಚಂದಂಗ ಕಾಣಾಕ ಹತ್ಯಾವು. ನಿಂದೂ ಒಮ್ಮೆ ನೋಡೂಣಂತ ಕರದೆ" ಎಂದು ತಮ್ಮನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಏಟ್ ಮುದುಕ ಆಗೀಯೋ!"

ರಾತ್ರಿ ರೊಟ್ಟಿ ಮುರಿಯುತ್ತ ಇವರು ತಲೆ ಎತ್ತದೆ ಕೇಳಿದರು:

"ಅಕ್ಕಾ, ಆಪರೇಶನ್ ಮಾಡೂ ಮುಂದ ಭಾಳ ಉರೀತೈತೇನ?"