ಜೇಬಿನೊಳಗಿನ ಹಾಡು

ಹಾಡಿನ ಪೆಟ್ಟಿಗೆ ಜೇಬಿಗಿಳಿದ ಮೇಲೆ ಆಯ್ಕೆಯ ತೊಡಕು ಹೆಚ್ಚಿದೆ. ಸಾವಿರ ಹಾಡು ಹಿಡಿಯುವುದಂತೆ, ಕಿವಿಗಳೇನೋ ಎರಡೇ! ಕೇಳಿದವರಿಗೆ ನಾನು ಹೇಳುವುದು ನಾಲ್ಕು: ಭಾವಗೀತೆಗೆ, ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 1978ರ ‘ನಿತ್ಯೋತ್ಸವ’, ತತ್ತ್ವಪದಕ್ಕೆ, ಸಿ. ಅಶ್ವತ್ಥರ ಕೊರಳಿನ ಶಿಶುನಾಳ ಶರೀಫರು. ಚಿತ್ರಗೀತೆಗೆ, ಭೀಮಸೇನ ಜೋಶಿಯವರೂ ಬಾಲಮುರಳಿಕೃಷ್ಣರೂ ಹಾಡಿರುವ 1966ರ ‘ಸಂಧ್ಯಾರಾಗ’. ವಚನಕ್ಕೆ, ಮಲ್ಲಿಕಾರ್ಜುನ ಮನ್ಸೂರರು.

ನಮ್ಮದು ಬಳ್ಳಿಗಾವಿ. ಹರಿಹರನ ರಗಳೆಯಲ್ಲಿ ಅಲ್ಲಮ ಈ ಊರಿನ ಮದ್ದಳೆಗಾರ. ಅವನ ವಚನ ಉಳಿದು ಬಂತು. ಮದ್ದಳೆಯ ನಾದವನ್ನು ಹಿಡಿದಿಡುವ ಪೆಟ್ಟಿಗೆ ಆಗ ಇರಲಿಲ್ಲ. ಈಗ ಇದೆ. ಆದ್ದರಿಂದ ಐದನೆಯದು ಯಾವ ಅಂಗಡಿಯಲ್ಲೂ ಸಿಗದ್ದು: ಮನೆಯ ಹಿರಿಯರ ಸೋಬಾನೆ. ನನ್ನ ತಾಯಿಗೆ ಈಗ ಎಪ್ಪತ್ತೆಂಟು. ಎರಡು ನುಡಿಗಳ ನಡುವೆ ಕೆಮ್ಮು ಬರುತ್ತದೆ. ಅದನ್ನೂ ಅಳಿಸದೆ ಇಟ್ಟುಕೊಂಡಿದ್ದೇನೆ.